ಸುಲಿದು ಕೊಡುವ ತಿನಿಸು

ಅತ್ತೆಯ ಬಗ್ಗೆ ಅಳಿಯ ಬರೆಯುವುದು ನಮ್ಮ ಕಡೆ ರೂಢಿಯಲ್ಲ. ಬರೆದರೂ ಹೊಗಳುವುದು ಇನ್ನೂ ಅಪರೂಪ. ಆದರೆ ನನ್ನ ಮಗಳು ನನಗೆ ದಕ್ಕಿದ್ದು ನನ್ನ ಅತ್ತೆಯಿಂದ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣ ಸೋಮಾರಿತನವಲ್ಲ. ಅವರ ಬಗ್ಗೆ ಏನು ಹೇಳಹೊರಟರೂ ಮೊದಲು ನಗು ಬರುತ್ತದೆ, ಆಮೇಲೆ ಅಳು. ಎರಡರ ನಡುವೆ ಪೆನ್ನು ಹಿಡಿದು ಕೂಡುವುದು ಕಷ್ಟ.

ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ತಡವಾಗಿ. ಅಳಿಯನ ಎದುರು ಅತ್ತೆ ಬರಬಾರದು, ನೇರವಾಗಿ ಮಾತನಾಡಬಾರದು ಎಂಬ ರೀತಿ ಆಗ ಶಿರಹಟ್ಟಿಯ ಆ ಮನೆಯಲ್ಲಿತ್ತು. ನಾನು ಪಡಸಾಲೆಯಲ್ಲಿ ಕುಳಿತರೆ ಅವರು ಅಡಿಗೆಮನೆಯ ಬಾಗಿಲ ಹಿಂದೆ. ಇಳಕಲ್ ಸೀರೆಯ ಸೆರಗು ಮೂಗಿನವರೆಗೆ. ಹೀಗಾಗಿ ನನಗೆ ಪರಿಚಯವಿದ್ದದ್ದು ಹೊಲದ ಎರೆಮಣ್ಣು ಬಿರುಕುಗಳಲ್ಲಿ ಕೂತ ಎರಡು ಹಿಮ್ಮಡಿಗಳು ಮತ್ತು ಒಂದು ಧ್ವನಿ. ಆ ಧ್ವನಿಗೆ ಮಾತ್ರ ಸೆರಗಿರಲಿಲ್ಲ. ಓಣಿಯ ಆ ತುದಿಯಲ್ಲಿ ಎಮ್ಮೆ ಹಗ್ಗ ಹರಿದುಕೊಂಡರೆ ಈ ತುದಿಯಿಂದ ಬೈದು ನಿಲ್ಲಿಸುವಂಥ ಧ್ವನಿ. ನನಗೆ ಏನಾದರೂ ಹೇಳಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು.

"ಚಾ ಆರಾಕಹತ್ತೈತಿ. ಕುಡಿಯೋರು ಜಲ್ದಿ ಕುಡೀಬೇಕು."

ಕಂಬ ಕುಡಿಯುತ್ತಿರಲಿಲ್ಲವಾದ್ದರಿಂದ ನಾನು ಕುಡಿಯುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದೆ. ಮನೆ ಬೆಟಗೇರಿಯಲ್ಲಿ. ಮದುವೆಯಾದ ಮರುವರ್ಷ ಮಗಳು ಹುಟ್ಟಿದಳು. ಆಕೆಗೆ ಹಲ್ಲು ಬರುವ ಮೊದಲೇ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ನನ್ನ ತಾಯಿಗೆ ಕಣ್ಣು ಮಂಜು. ಹಾಲುಗೂಸನ್ನು ನೋಡಿಕೊಳ್ಳುವುದು ಆಗದ ಮಾತು. ಅತ್ತೆಯವರು ಯಾರನ್ನೂ ಕೇಳಲಿಲ್ಲ. ತಮ್ಮ ಮಗಳ ದಿನಕರ್ಮ ಮುಗಿದ ಸಂಜೆಯೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಶಿರಹಟ್ಟಿಯ ಬಸ್ಸು ಹತ್ತಿದರು. ಅಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ದನಕರು ಎಂದು ತುಂಬಿದ ಒಕ್ಕಲುತನದ ಮನೆ. ನಾನು ಪ್ರತಿ ರವಿವಾರ ಹೋಗಿ ಬರುವುದು ಎಂದಾಯಿತು.

ಮಗಳನ್ನು ನೋಡಲು ಬರಿಗೈಯಲ್ಲಿ ಹೋಗುವುದು ಹೇಗೆ? ನನ್ನ ಪೇಚಾಟ ಅಲ್ಲಿಂದ ಸುರುವಾಯಿತು. ಸಣ್ಣ ಮಕ್ಕಳ ತಿನಿಸಿಗೆ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ಯಾವ ಸಾಲೆಯಲ್ಲೂ ಕಲಿಸುವುದಿಲ್ಲ. ಪ್ರೆಸ್ಸಿನಲ್ಲಿ ಕೇಳಿದೆ. ನಮ್ಮ ಫೋರ್‌ಮನ್, ನಾಲ್ಕು ಮಕ್ಕಳ ತಂದೆ, ತಲೆ ಎತ್ತದೆ ಹೇಳಿದರು: "ನಾಕಾಣೆ ಬೆಂಡು ಬತ್ತಾಸ ಒಯ್ಯಿ, ಸಾಕು. ಹುಡುಗ್ರಿಗೆ ಚಟಾ ಹಚ್ಚಬ್ಯಾಡ." ಪಕ್ಕದಲ್ಲಿದ್ದ ಮಷಿನ್‌ಮನ್ ಸುಮ್ಮನಿರಲಿಲ್ಲ: "ತಾಯಿಲ್ಲದ ಕೂಸು ಲೇ ಅದು. ಅದರ ಮುಂದ ಜುಗ್ಗತನಾ ಮಾಡ್ತೀ ಏನು?"

ಈ ಎರಡನೆಯ ಮಾತು ನನಗೆ ನಾಟಿತು. ಬೆಂಡು ಬತ್ತಾಸು ಹೋಗಿ ಪೇಢೆ ಬಂತು. ಪೇಢೆಯ ಮೇಲೆ ಕ್ರೀಮಿನ ಬಿಸ್ಕೀಟು ಬಂತು. ಆಮೇಲೆ ಬಣ್ಣದ ಕಾಗದ ಸುತ್ತಿದ ಚಾಕಲೇಟು, ಒತ್ತಿದರೆ ಕಿರುಚುವ ರಬ್ಬರಿನ ಗೊಂಬೆ. ಮನೆಯ ಉಳಿದ ಮಕ್ಕಳಿಗೂ ಒಯ್ಯಬೇಕಲ್ಲ, ಚೀಲ ವಾರದಿಂದ ವಾರಕ್ಕೆ ಉಬ್ಬಿತು. ನನ್ನ ಬೀಡಿ ನಿಂತಿತು, ಮಧ್ಯಾಹ್ನದ ಚಹಾ ನಿಂತಿತು. ಅದರ ಬೇಸರವೇನೂ ನನಗಿರಲಿಲ್ಲ. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಾಗ ನಾನೊಬ್ಬ ಒಳ್ಳೆಯ ತಂದೆ ಎಂದೇ ಅನಿಸುತ್ತಿತ್ತು.

ಮಗಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದ್ದಾಗಿನ ಮಾತು. ಆ ಮನೆಯ ಮಕ್ಕಳು, ಅಂದರೆ ನನ್ನ ಹೆಂಡತಿಯ ಅಣ್ಣನ ಮಕ್ಕಳು, ನನ್ನನ್ನು ಮಾಮಾ ಎನ್ನುತ್ತಿದ್ದರು. ಅವರ ಜತೆಯಲ್ಲೇ ಬೆಳೆದ ನನ್ನ ಮಗಳೂ ಮಾಮಾ ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕೆವು. ಕೂಡಿದ ಮನೆಗಳಲ್ಲಿ ಇದು ಆಗುವಂಥದ್ದೇ. ತಂದೆಯನ್ನು ಅಣ್ಣ ಎಂದೂ ತಾಯಿಯನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆದು ಮುದುಕರಾದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಒಂದು ರವಿವಾರ ನಾನು ಓಣಿಯ ತಿರುವು ದಾಟುತ್ತಲೇ ಮಗಳು ಒಳಗೆ ಕೂಗಿದ್ದು ಕೇಳಿಸಿತು.

"ಆಯೀ, ಚೀಲದ ಮಾಮಾ ಬಂದ!"

ಆಯಿ ಎಂದರೆ ಅಜ್ಜಿ. ಬೇರೆ ಮಾಮಂದಿರಿಂದ ನನ್ನನ್ನು ಬೇರೆ ಮಾಡಲು ಆಕೆಗೆ ಸಿಕ್ಕ ಗುರುತು ನನ್ನ ಕೈಯಲ್ಲಿದ್ದ ಚೀಲ. ಓಡಿ ಬಂದಳು, ನನ್ನ ಮುಖ ನೋಡಲಿಲ್ಲ, ಚೀಲದ ಹಿಡಿಕೆಗೆ ಜೋತುಬಿದ್ದಳು. ಮಕ್ಕಳೆಲ್ಲ ಅದನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ನಾನು ಕಟ್ಟೆಯ ಮೇಲೆ ಒಬ್ಬನೇ ಕುಳಿತೆ. ಆಗ ಹೆಂಡತಿಯ ಅಣ್ಣ ಬಂದು ಪಕ್ಕದಲ್ಲಿ ಕುಳಿತ. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ.

"ಕೂಸು ಇಲ್ಲೆ ಹೊಂದಿಕೊಂಡೈತಿ. ಇಲ್ಲೇ ಸಾಲಿಗೆ ಹಾಕೂಣು ಬಿಡ್ರಿ. ನಿಮಗಿನ್ನೂ ಸಣ್ಣ ವಯಸ್ಸು, ಇನ್ನೊಂದು ಮದಿವಿ ಮಾಡ್ಕೊರ್ರಿ. ನಾವೇನ್ ಬ್ಯಾಡ ಅನ್ನೂದಿಲ್ಲ."

ಅಪ್ಪನೆಂದು ಗುರುತಿಸದ ಮಗುವನ್ನು ಯಾವ ಬಾಯಿಂದ ನನ್ನದು, ನನಗೆ ಕೊಡಿ ಎನ್ನಲಿ? ಮಗಳು ಕೈಬಿಟ್ಟು ಹೋಗುತ್ತಿದ್ದಾಳೆ ಎಂಬುದು ಅಂದು ಸ್ಪಷ್ಟವಾಗಿ ಕಂಡಿತು. ಕಂಡು ಮಾಡಿದ್ದೇನು? ಮುಂದಿನ ವಾರ ಇನ್ನೂ ಚಲೋದು ಏನಾದರೂ ಒಯ್ಯಬೇಕು ಎಂದು ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಅಷ್ಟು ಶ್ಯಾಣ್ಯಾ ನಾನು.

ಮುಂದಿನ ರವಿವಾರ ಹೋದಾಗ ಮನೆ ಎಂದಿನಂತಿರಲಿಲ್ಲ. ಅತ್ತೆಯವರು ಉಳಿದ ಮೊಮ್ಮಕ್ಕಳನ್ನೆಲ್ಲ ಸೊಸೆಯ ಬೆನ್ನಿಗೆ ಕಟ್ಟಿ ಹೊಲಕ್ಕೆ ಕಳಿಸಿದ್ದರು. ನನ್ನ ಮಗಳೊಬ್ಬಳೇ ಇದ್ದಳು. ಆಕೆ ಚೀಲಕ್ಕೆ ಕೈ ಹಾಕುವ ಮೊದಲೇ ಬಾಗಿಲ ಹಿಂದಿನ ಧ್ವನಿ ಎದ್ದಿತು.

"ಕೂಸ, ಆ ಚೀಲ ಇಲ್ಲಿ ತಾ."

ಚೀಲ ಒಳಗೆ ಹೋಯಿತು. ಎತ್ತರದ ಹಲಗೆಯ ಮೇಲೆ ಅದನ್ನು ಇಟ್ಟ ಸಪ್ಪಳ ನನಗೂ ಕೇಳಿಸಿತು. ಮಗಳ ತುಟಿ ನಡುಗಿತು.

"ಇನ್ನ ನಿಮ್ಮಪ್ಪಗ ಹೇಳು, ಕೈ ತೊಳ್ಕೊಳ್ಳಾಕ."

ಮಗಳು ಬಾಗಿಲ ಹೊರಗೆ ಓಣಿಯ ಕಡೆ ನೋಡಿದಳು. "ಎಲ್ಲಿ ಅದಾರ?"

"ಪಡಸಾಲ್ಯಾಗ ಕುಂತಾರಲ್ಲ, ಅವರ ನಿಮ್ಮಪ್ಪ."

"ಮಾಮಾ ಅಲ್ಲೇನು?"

"ಆ ಹುಡುಗ್ರಿಗೆ ಮಾಮಾ. ನಿನಗ ಅಪ್ಪ. ಹೋಗು, ಹೇಳು."

ಮಗಳು ನನ್ನ ಎದುರು ಬಂದು ನಿಂತು ನೆಲ ನೋಡುತ್ತ ಹೇಳಿದಳು: "ಕೈ ತೊಳ್ಕೋಬೇಕಂತ."

"ಯಾರಿಗೆ ಹೇಳಿದಿ?" ಒಳಗಿನಿಂದ ಕೇಳಿತು. "ನನಗ ಕೇಳಸಲಿಲ್ಲ."

"ಯಪ್ಪಾ, ಕೈ ತೊಳ್ಕೋಬೇಕಂತ."

ನಾನು ಎದ್ದು ಬಚ್ಚಲಿಗೆ ಹೋದೆ. ಕೈ ತೊಳೆಯಲು ಹೇಳಿದ್ದರು, ಮುಖವನ್ನೂ ತೊಳೆದುಕೊಂಡೆ. ಬಂದು ಕೂಡುವಷ್ಟರಲ್ಲಿ ಮತ್ತೊಂದು ಹುಕುಂ: ಉಗುರಿನ ಸಂದಿಯ ಪ್ರೆಸ್ಸಿನ ಮಸಿ ಹೋಗಿಲ್ಲ, ಬೂದಿ ಹಚ್ಚಿ ತಿಕ್ಕಬೇಕಂತ. ಆ ಬಾಗಿಲ ಸಂದಿಯಿಂದ ನನ್ನ ಉಗುರು ಅವರಿಗೆ ಹೇಗೆ ಕಂಡಿತೋ ಇಂದಿಗೂ ತಿಳಿದಿಲ್ಲ.

ಆಮೇಲೆ ಮಗಳು ಕಾಳು ಕೇರುವ ಒಂದು ಮರವನ್ನು ಎಳೆದುಕೊಂಡು ಬಂದಳು. ಅದರ ತುಂಬ ಗಿಡದ ಸಮೇತ ಬೆಂಕಿಯಲ್ಲಿ ಸುಟ್ಟ ಹಸಿ ಕಡಲೆ. ನಾವು ಸುಲಗಾಯಿ ಎನ್ನುವುದು. ಅತ್ತೆಯವರ ತವರು ಅಡರಕಟ್ಟಿ, ಅಲ್ಲಿಯ ಅಣ್ಣನ ಹೊಲದಿಂದ ಬೆಳಗ್ಗೆ ಬಂದದ್ದು. "ಅಕೀಗೆ ಸುಲ್ಯಾಕ ಬರೂದಿಲ್ಲ" ಎಂದಿತು ಧ್ವನಿ, ಈ ಸಲ ಕಂಬಕ್ಕೆ. ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಹೊಟ್ಟೆ ಕಟ್ಟಿ ತಂದ ಪೇಢೆ ಹಲಗೆ ಏರಿ ಕುಳಿತಿದೆ, ನಾನು ಇಲ್ಲಿ ಪುಕ್ಕಟೆ ಸಿಕ್ಕ ಕರಿ ಕಾಯಿ ಸುಲಿಯುತ್ತ ಕೂಡಬೇಕು!

ಆದರೂ ಸುಲಿದೆ. ಒಂದು ಕಾಯಿಯಲ್ಲಿ ಒಂದು ಕಾಳು, ಹೆಚ್ಚೆಂದರೆ ಎರಡು. ಮಗಳು ದೂರ ಕುಳಿತು ಕೈ ಚಾಚಿದಳು, ಬಾಯಿಗೆ ಹಾಕಿಕೊಂಡಳು, ಮತ್ತೆ ಕೈ ಚಾಚಿದಳು. ನನ್ನ ಕೈ ನಿಧಾನ, ಆಕೆಯ ಬಾಯಿ ಜಲ್ದಿ. ಕಾಯಬೇಕಾಗುತ್ತಿತ್ತು. ಕಾಯುತ್ತ ಕಾಯುತ್ತ ಹತ್ತಿರ ಸರಿದಳು. ನನ್ನ ಬೆರಳು ನೋಡಿದಳು, ಆಮೇಲೆ ಮುಖ ನೋಡಿದಳು. "ನಿನ್ನ ಮೀಸಿಗೆ ಕರೆ ಹತ್ತೈತಿ" ಎಂದಳು. ತನ್ನ ಲಂಗದ ತುದಿಯಿಂದ ಒರೆಸಲು ಬಂದಳು, ಇನ್ನಷ್ಟು ಬಳಿದಳು, ನಕ್ಕಳು. ಮರ ಖಾಲಿಯಾಗುವ ಹೊತ್ತಿಗೆ ಆಕೆ ನನ್ನ ತೊಡೆಯ ಮೇಲಿದ್ದಳು. ಯಾವಾಗ ಏರಿ ಕುಳಿತಳೋ ಇಬ್ಬರಿಗೂ ತಿಳಿದಿರಲಿಲ್ಲ.

ಅಂದಿನಿಂದ ಅದೇ ನಿಯಮವಾಯಿತು. ಚಳಿಗಾಲದಲ್ಲಿ ಸುಲಗಾಯಿ, ಅದು ಮುಗಿಯುವ ಮೊದಲೇ ಸೀತನಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಡಬೇಕು. ಊದುವುದು ಮಗಳ ಕೆಲಸ; ಅರ್ಧ ಕಾಳು ನನ್ನ ಅಂಗಿಯ ಮೇಲೆ. ಬೇಸಿಗೆಗೆ ಕಬ್ಬಿನ ತುಂಡು. ಮಳೆಗಾಲ ಮುಗಿದ ಮೇಲೆ ಹಸಿ ಶೇಂಗಾ. ಮುಂಡರಗಿಯಲ್ಲಿದ್ದ ಅತ್ತೆಯವರ ಹಿರಿಯ ಮಗಳು ಕಪ್ಪತಗುಡ್ಡದ ಸೀತಾಫಲ ಕಳಿಸಿದರೆ ಒಂದೊಂದೇ ಬೀಜ ತೆಗೆದು ತಿನ್ನಿಸುವುದು. ಸಣ್ಣ ಮಕ್ಕಳು ತಾವಾಗಿ ತಿನ್ನಲಾಗದ್ದು, ದೊಡ್ಡವರು ಕುಳಿತು ಬಿಡಿಸಿ ಕೊಡಬೇಕಾದದ್ದು ಯಾವುದೋ ಅದನ್ನೇ ಅವರು ರವಿವಾರಕ್ಕೆ ಎತ್ತಿಡುತ್ತಿದ್ದರು.

ನನಗೆ ತಡೆಯದೆ ಒಮ್ಮೆ ಕಂಬದ ಕಡೆ ತಿರುಗಿ ನಾನೂ ಕೇಳಿದೆ: "ಹಂಗಾರ ಮಕ್ಕಳಿಗೆ ಎಷ್ಟು ತರಬೇಕು ಅಂತ?"

"ಕುಂತು ಮುಗಸುವಷ್ಟು ತರಬೇಕು. ಕೊಟ್ಟು ಎದ್ದು ಹೋಗುವಷ್ಟು ಅಲ್ಲ. ರೊಕ್ಕಾ ಎಷ್ಟ ಹೋತು ಅಂತ ಕೂಸಿಗೆ ಏನ್ ಗೊತ್ತು? ಮಗ್ಗಲಕ ಯಾರು ಕುಂತಿದ್ರು ಅನ್ನೂದು ಗೊತ್ತಾಗತೈತಿ."

ಅದೇ ಅವರು ನನಗೆ ಮಾಡಿದ ದೊಡ್ಡ ಭಾಷಣ. ಉಳಿದಂತೆ ಎಲ್ಲ ಮಾತೂ ಮಗಳ ಬಾಯಿಂದಲೇ ಬರಬೇಕು. "ನಿಮ್ಮಪ್ಪಗ ಹೇಳು" ಎಂಬುದು ಆ ಮನೆಯ ಪಲ್ಲವಿಯಾಯಿತು. ನಿಮ್ಮಪ್ಪಗ ಹೇಳು, ಉಣ್ಣಾಕ ಏಳ್ರಿ ಅಂತ. ನಿಮ್ಮಪ್ಪಗ ಹೇಳು, ಸಂಜಿ ಬಸ್ಸಿಗೆ ಹೊತ್ತಾತು ಅಂತ. ಬಾಗಿಲಿಗೂ ಪಡಸಾಲೆಗೂ ನಡುವೆ ಓಡಾಡಿ ಮಗಳ ಕಾಲು ಸೋಲುತ್ತಿತ್ತು. ಚಿಕ್ಕ ಮಾತನ್ನು ಚೊಕ್ಕವಾಗಿ ತಲುಪಿಸುತ್ತಿದ್ದಳು, ಉದ್ದ ಮಾತು ಮಾತ್ರ ದಾರಿಯಲ್ಲಿ ಸೋರುತ್ತಿತ್ತು. ಒಮ್ಮೆ ನಾನು ತಡೆಯಲಾರದೆ ಮತ್ತೆ ದುಬಾರಿ ಗೊಂಬೆ ಒಯ್ದಿದ್ದೆ. ಒಳಗೆ ಬಹಳ ಹೊತ್ತು ಬೈಗುಳದ ಮಂತ್ರ ನಡೆಯಿತು. ಪಗಾರ, ಮಳೆ, ಮುದಿ ತಾಯಿಯ ಔಷಧ, ನನ್ನ ಹರಿದ ಚಪ್ಪಲಿ ಎಲ್ಲ ಬಂದವು. ಎಲ್ಲ ಕೇಳಿಸಿಕೊಂಡು ಮಗಳು ಗಂಭೀರವಾಗಿ ನಡೆದು ಬಂದು ವರದಿ ಒಪ್ಪಿಸಿದಳು.

"ಯಪ್ಪಾ, ಆಯಿ ಬೈದಾಳ."

ಬಾಗಿಲ ಹಿಂದೆ ಯಾರೋ ಸೆರಗು ಬಾಯಿಗೆ ತುರುಕಿಕೊಂಡು ನಗುವ ಸಪ್ಪಳ.

ಇಷ್ಟು ಓದಿ ಅವರನ್ನು ತಂಪು ಸ್ವಭಾವದ ಅಜ್ಜಿ ಎಂದುಕೊಂಡರೆ ತಪ್ಪು. ಮಹಾ ಕೋಪಿಷ್ಠರು. ಐಸ್ ಕ್ಯಾಂಡಿ ಮಾರುವವನು ಆ ಓಣಿಯಲ್ಲಿ ಗಂಟೆ ಬಾರಿಸದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ, ಕಳ್ಳನ ಹಾಗೆ. ಬೆಲ್ಲದ ಡಬ್ಬಿಯ ಬೀಗದ ಕೈ ಸೊಂಟದಲ್ಲಿ. ಸೊಸೆ ಚಹಾಕ್ಕೆ ಬೆಲ್ಲ ಕೇಳಿದರೆ ಬಂಗಾರ ತೂಗುವ ಹಾಗೆ ಕೊಡುವರು. ನನ್ನ ಬಗ್ಗೆ ಒಂದು ಮೆತ್ತಗಿನ ಮಾತು ಆಡಿದ್ದು ಕೇಳಿಲ್ಲ. ಸತ್ತ ಮಗಳ ಹೆಸರನ್ನು ನನ್ನ ಕಿವಿಗೆ ಬೀಳುವಂತೆ ಒಮ್ಮೆಯೂ ಎತ್ತಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಿದೆ, ಮಗಳನ್ನು ಉಳಿಸಿಕೊಳ್ಳಲಿಲ್ಲವೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ.

ಹಲಗೆ ಏರಿದ ನನ್ನ ಚೀಲಗಳ ಗತಿ ಏನಾಗುತ್ತಿತ್ತು ಎಂಬುದನ್ನು ಬಹಳ ದಿನಗಳ ಮೇಲೆ ಅವರ ಸೊಸೆ ಹೇಳಿದಳು. ನಾನು ಬಸ್ಸು ಹತ್ತಿದ ಮರುದಿನದಿಂದ ದಿನಕ್ಕೆ ಇಷ್ಟಿಷ್ಟೇ ಇಳಿಯುತ್ತಿತ್ತಂತೆ. ಎಲ್ಲ ಮಕ್ಕಳನ್ನೂ ಸಾಲಾಗಿ ಕೂಡಿಸಿ, ಹಂಚುವ ಕೆಲಸ ನನ್ನ ಮಗಳಿಗೇ. "ಯಾರು ತಂದಾರ ಹೇಳಿ ಕೊಡು" ಎನ್ನುವರಂತೆ. ಆಕೆ ಒಬ್ಬೊಬ್ಬರ ಕೈಗೆ ಹಾಕುತ್ತ "ನಮ್ಮಪ್ಪ ತಂದಾನ, ನಮ್ಮಪ್ಪ ತಂದಾನ" ಎನ್ನುತ್ತ ಹೋಗಬೇಕು. ವಾರವಿಡೀ ನಾನು ಆ ಮನೆಯಲ್ಲಿ ಹೀಗೆ ಇರುತ್ತಿದ್ದೆ. ನನಗೆ ಮಾತ್ರ ಗೊತ್ತಿರಲಿಲ್ಲ.

ಆ ಮಾತು ತಿಳಿದದ್ದು ಮುಂಡರಗಿಯಲ್ಲಿ, ಅತ್ತೆಯವರ ಹಿರಿಯ ಮಗಳ ಕೂಸಿನ ತೊಟ್ಟಿಲಿಗೆ ಎಲ್ಲರೂ ಸೇರಿದ್ದಾಗ. ಅಲ್ಲಿ ಇನ್ನೊಂದನ್ನೂ ಕಂಡೆ. ಅತ್ತೆಯವರು ಹಿರಿಯ ಅಳಿಯನ ಎದುರೇ ಜಮಖಾನದ ಮೇಲೆ ಕುಳಿತು, ಸೆರಗು ಹೆಗಲಿಗೆ ಜಾರಿದ್ದರೂ ಲೆಕ್ಕಿಸದೆ, ಹತ್ತಿಯ ದರದ ಮೇಲೆ ಜಗಳ ಆಡುತ್ತಿದ್ದರು. "ನಿಮಗ ಯಾಪಾರ ತಿಳೀತಿದ್ರ ಇಷ್ಟೊತ್ತಿಗೆ ಎರಡ ಅಂತಸ್ತಿನ ಮನಿ ಕಟ್ತಿದ್ರಿ" ಎಂದು ಅಳಿಯನಿಗೆ ನೇರವಾಗಿ ಹೇಳುವುದನ್ನು ಕೇಳಿ ನಾನು ಬಾಗಿಲಲ್ಲೇ ನಿಂತೆ. ನನ್ನನ್ನು ಕಂಡದ್ದೇ ತಡ, ಸೆರಗು ಮೂಗಿಗೆ ಬಂತು, ಮಾತು ನಿಂತಿತು.

ಅವರ ಸೊಸೆಯನ್ನು ಕೇಳಿದೆ. ಆಕೆ ನನ್ನನ್ನು ಕರುಣೆಯಿಂದ ನೋಡಿದಳು.

"ಅತ್ತಿಯಾರು ಯಾವ ಅಳಿಯಗ ಅಂಜ್ಯಾರ್ರಿ? ಹೊಸಾ ಅಳಿಯನ ಮುಂದ ನಾಕ ದಿನಾ ಸೆರಗು, ಅಷ್ಟ. ನಿಮ್ಮ ಜೋ‍ಡಿ ತಾವ ಮಾತಾಡಿಬಿಟ್ರ ಆ ಕೂಸು ನಿಮಗ ಯಪ್ಪಾ ಅನ್ನಾಕ ಕಾರಣಾನ ಇರೂದಿಲ್ಲ ಅಂತಿದ್ರು. ಅದಕ್ಕ ಇಷ್ಟು ದಿನಾ ಬಾಯಿ ಕಟಗೊಂಡ ಕುಂತಾರ. ಅವರಿಗೆಷ್ಟು ಕಷ್ಟ ಆಗಿರಬೇಕು ನೋಡ್ರಿ!"

ಮನೆಯ ತುಂಬ ನೆಂಟರು, ತೊಟ್ಟಿಲ ಹಾಡು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆ ಹೆಂಗಸು ನನ್ನನ್ನು ದೂರವಿಟ್ಟಿದ್ದಾರೆ ಎಂದು ನಾನು ತಿಳಿದಿದ್ದ ವರ್ಷಗಳಲ್ಲಿ, ಅವರು ಒಂದೊಂದು ಮಾತಿಗೂ ಮಗಳನ್ನು ನನ್ನ ಕಡೆ ಒಂದೊಂದು ಹೆಜ್ಜೆ ನಡೆಸುತ್ತಿದ್ದರು. ತಮ್ಮ ಕಡೆಯಿಂದ ಎಂಬುದನ್ನು ಮರೆಯಬಾರದು. ತೀರಿಹೋದ ಮಗಳಿಂದ ಅವರಿಗೆ ಉಳಿದದ್ದು ಆ ಕೂಸು ಒಂದೇ. ಸುಮ್ಮನೆ ಇದ್ದಿದ್ದರೂ ಸಾಕಿತ್ತು, ಅದು ಅವರದಾಗಿಯೇ ಉಳಿಯುತ್ತಿತ್ತು.

ಮಗಳಿಗೆ ಸಾಲೆಯ ವಯಸ್ಸಾಯಿತು. ಜೂನ್ ತಿಂಗಳ ಮೊದಲು ಹೆಂಡತಿಯ ಅಣ್ಣ ಮತ್ತೆ ಅದೇ ಮಾತು ತೆಗೆದ. ಗದಗಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ನಿಮ್ಮ ತಾಯಿಗೆ ಕಣ್ಣಿಲ್ಲ, ಇಲ್ಲಿ ಜತೆಗೆ ಹುಡುಗರಿದ್ದಾರೆ, ಎಲ್ಲವೂ ಸರಿಯಾದ ಮಾತೇ. ನಾನು "ಬೆಳಿಗ್ಗೆ ನಾನೇ ಸಾಲಿಗೆ ಬಿಡ್ತೀನಿ, ಓಣ್ಯಾಗ ಮಂದಿ ಅದಾರ, ಹೆಂಗರ ಆಗತೈತಿ" ಎಂದೆ. ನನ್ನ ಮಾತು ನನಗೇ ಗಟ್ಟಿಯಾಗಿ ಕೇಳಿಸಲಿಲ್ಲ. ಆಗ ಅಡಿಗೆಮನೆಯ ಬಾಗಿಲು ಪೂರ್ತಿ ತೆರೆಯಿತು. ಅತ್ತೆಯವರು ಪಡಸಾಲೆಗೆ ಬಂದು ನನ್ನ ಎದುರೇ ನಿಂತರು. ಸೆರಗು ತಲೆಯ ಮೇಲಷ್ಟೇ ಇತ್ತು. ನನ್ನ ಹೆಂಡತಿಯ ಕಣ್ಣು ಎಲ್ಲಿಂದ ಬಂದಿತ್ತು ಎಂಬುದು ಅಂದು ತಿಳಿಯಿತು.

"ಕರ್ಕೊಂಡ ಹೋಗ್ರಿ," ಎಂದರು. "ಅಪ್ಪನ ಮನಿಯಾಗ ಬೆಳೀಲಿ."

ಮಗ ಏನೋ ಹೇಳಹೋದ. ಅವರು ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. "ತಲಿ ಬಾಚೂವಾಗ ಅಳತೈತಿ. ಎಣ್ಣಿ ಹಚ್ಚಿ ಆಮ್ಯಾಲೆ ಬಾಚ್ರಿ." ಅಷ್ಟು ಹೇಳಿ ಒಳಗೆ ಹೋದರು. ನಾವು ಹೊರಟಾಗ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಎಮ್ಮೆ ಹಿಂಡುವ ಹೊತ್ತಾಯಿತಂತೆ. ನಡುಮಧ್ಯಾಹ್ನ ಯಾರ ಮನೆಯ ಎಮ್ಮೆ ಹಾಲು ಕೊಡುತ್ತದೆ?

ಆ ವರ್ಷದ ಪಂಚಮಿಗೆ ಮಗಳನ್ನು ಕರೆದುಕೊಂಡು ಶಿರಹಟ್ಟಿಗೆ ಹೋದೆ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತಾಯಿಯ ಬದಲು ಮಗಳು ಹೋಗುತ್ತಿದ್ದಳು. ಪಡಸಾಲೆಯಲ್ಲಿ ಕಾಲಿಟ್ಟು ನಾನು ದಂಗಾದೆ. ಶೇಂಗಾ ಉಂಡಿ, ಎಳ್ಳುಂಡಿ, ಬುಂದೆ ಉಂಡಿ, ತಂಬಿಟ್ಟು, ಅಳ್ಳು, ಚಕ್ಕುಲಿ. ಸಾಲದ್ದಕ್ಕೆ ಅಂಗಡಿಯ ಪೇಢೆ, ಕ್ರೀಮಿನ ಬಿಸ್ಕೀಟು, ಜರಿಯ ಫ್ರಾಕು, ಎರಡು ಬಣ್ಣದ ರಿಬ್ಬನ್ನು. ಬೆಲ್ಲದ ಡಬ್ಬಿಗೆ ಬೀಗ ಹಾಕುವ ಹೆಂಗಸು! ಸೊಸೆ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡಳು. ಅತ್ತೆಯವರು ಒಂದು ದೊಡ್ಡ ತಾಟಿನ ತುಂಬ ಎಲ್ಲವನ್ನೂ ಬಡಿಸಿಕೊಂಡು ನಡುಮನೆಯಲ್ಲಿ ನಿಂತಿದ್ದರು. ಮಗಳು ಓಡಿ ಬಂದಳು, ಒಂದು ಕೈಗೆ ಉಂಡಿ, ಇನ್ನೊಂದು ಕೈಗೆ ಬಿಸ್ಕೀಟು ಎತ್ತಿಕೊಂಡಳು, ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಕಡೆ ಹುಡುಗರ ಹಿಂದೆ ಓಡಿಬಿಟ್ಟಳು.

ಅತ್ತೆಯವರು ತಾಟು ಹಿಡಿದುಕೊಂಡು ನಿಂತೇ ಇದ್ದರು. ಮಗಳು ಅವರ ಮುಖ ನೋಡಿರಲಿಲ್ಲ. ಆ ನಿಲುವು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಕೂಗು ಬಂತು. "ಆಯೀ! ಇವರಿಗೆ ತೂಗಾಕ ಬರೂದಿಲ್ಲ. ನೀ ಬಾ! ನೀನ ಬರಬೇಕು!"

ಅತ್ತೆಯವರು ತಾಟನ್ನು ನನ್ನ ಕೈಗೆ ತುರುಕಿದರು. "ಹಿಡೀರಿ ಇದನ್ನ. ನೀವ ತಿನ್ರಿ. ನನ್ನ ಕೂಸು ಕರ್ಯಾಕಹತ್ತೈತಿ" ಎಂದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಅದೇ ನೋಡಿದ್ದು. ಜೋಕಾಲಿಯ ಹಗ್ಗ ಕಿರುಗುಟ್ಟುವುದು, ಮಗಳು ಇನ್ನೂ ಮ್ಯಾಲ, ಇನ್ನೂ ಮ್ಯಾಲ ಎನ್ನುವುದು, ಅಜ್ಜಿ ಬೈಯುತ್ತಲೇ ತೂಗುವುದು ಎಲ್ಲ ಪಡಸಾಲೆಗೆ ಕೇಳಿಸುತ್ತಿತ್ತು.

ನಾನು ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ಕುಳಿತೆ. ಒಂದು ಶೇಂಗಾ ಉಂಡಿ ಮುರಿದು ಬಾಯಿಗೆ ಹಾಕಿಕೊಂಡೆ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ನಾನು ಸಿಹಿ ತಿಂದದ್ದು ಅದೇ ಮೊದಲು.